ಅಡುಗೆಮನೆಯಲ್ಲಿ ನೀರಿನ ಲೆಕ್ಕ: ಸೊಪ್ಪು, ಬೇಳೆ, ಅನ್ನ, ಹಿಟ್ಟು ಕೆಡದ ಹಾಗೆ ಇಡುವುದು ಹೇಗೆ

ಭಾನುವಾರ ಮಾರ್ಕೆಟ್ಟಿನಿಂದ ತಂದ ಕೊತ್ತಂಬರಿ ಸೊಪ್ಪು ಬುಧವಾರದ ಹೊತ್ತಿಗೆ ಲೋಳೆಯಾಗಿರುತ್ತದೆ. ಫ್ರಿಜ್ಜಿನಲ್ಲೇ ಇಟ್ಟಿದ್ದೆವಲ್ಲ ಅಂತ ಬೇಜಾರು ಬೇರೆ. ಇಟ್ಟಿದ್ದೇನೋ ನಿಜ. ಆದರೆ ಬಾಡದಿರಲಿ ಅಂತ ಅಂಗಡಿಯವರು ನೀರು ಚಿಮುಕಿಸಿದ್ದ ಕಟ್ಟನ್ನು, ದಾರವನ್ನೂ ಬಿಚ್ಚದೆ, ಅದೇ ಪ್ಲಾಸ್ಟಿಕ್ ಕವರಿಗೆ ಗಂಟು ಹಾಕಿ ತುರುಕಿರುತ್ತೇವೆ. ಎಲೆಗಳ ಮಧ್ಯೆ ಸಿಕ್ಕಿಕೊಂಡ ಆ ನೀರೇ ಅದನ್ನು ಕೊಳೆಸುವುದು.

ಮನೆಯಲ್ಲಿ ಹಾಳಾಗುವ ಸಾಮಾನೆಲ್ಲ ಒಮ್ಮೆ ನೆನಪು ಮಾಡಿಕೊಳ್ಳಿ. ಬೂಷ್ಟು ಹಿಡಿದ ಉಪ್ಪಿನಕಾಯಿ, ಗಂಟು ಕಟ್ಟಿದ ಸಾರಿನ ಪುಡಿ, ಮುಗ್ಗಿದ ಬೇಳೆ, ಚಿರುಟಿ ಹೋದ ಕ್ಯಾರೆಟ್. ಬಹುಪಾಲು ಕಡೆ ತಪ್ಪಿರುವುದು ನೀರಿನ ಲೆಕ್ಕ. ಬೇಡದ ಕಡೆ ನೀರು ಸೇರಿದೆ, ಬೇಕಾದ ಕಡೆ ಆರಿಹೋಗಿದೆ. ಇದೊಂದು ತಲೆಯಲ್ಲಿದ್ದರೆ ನೂರೆಂಟು ಟಿಪ್ಸ್ ಬಾಯಿಪಾಠ ಮಾಡುವ ಅಗತ್ಯ ಇಲ್ಲ. ಯಾವ ಸಾಮಾನು ಕೈಗೆ ಬಂದರೂ ಇದಕ್ಕೆ ನೀರು ಬೇಕಾ, ಬೇಡವಾ, ಗಾಳಿ ಆಡಬೇಕಾ ಅಂತ ಕೇಳಿಕೊಂಡರೆ ಎಲ್ಲಿ ಇಡಬೇಕು ಅನ್ನುವುದು ತಾನಾಗೇ ಹೊಳೆಯುತ್ತದೆ.

ಸೊಪ್ಪು ಮೊದಲು

ತಂದ ತಕ್ಷಣ ತೊಳೆಯಬೇಡಿ. ತೊಳೆಯುವುದು ಅಡುಗೆಗೆ ಮುಂಚೆ. ಕೊತ್ತಂಬರಿ ಕಟ್ಟನ್ನು ಬಿಚ್ಚಿ, ಬೇರು ಕತ್ತರಿಸಿ, ಹಳದಿ ಬಿದ್ದ ಎಲೆ, ಕೊಳೆತ ಎಲೆ ಆರಿಸಿ ಎಸೆಯಿರಿ. ಒಂದು ಕೊಳೆತ ಎಲೆ ಉಳಿದರೂ ಪಕ್ಕದ್ದನ್ನೂ ಹಾಳು ಮಾಡುತ್ತದೆ. ಸೊಪ್ಪು ಒದ್ದೆ ಇದ್ದರೆ ಹತ್ತಿ ಬಟ್ಟೆಯ ಮೇಲೆ ಹರವಿ, ಫ್ಯಾನ್ ಕೆಳಗೆ ಅರ್ಧ ಗಂಟೆ ಬಿಡಿ. ಬಾಡುವ ತನಕ ಬಿಡಬೇಡಿ, ಮೇಲಿನ ನೀರು ಆರಿದರೆ ಸಾಕು. ಆಮೇಲೆ ಒಣ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿ ಡಬ್ಬಕ್ಕೆ ಹಾಕಿ ಮುಚ್ಚಿ. ಸೊಪ್ಪು ಬಿಡುವ ತೇವವನ್ನು ಬಟ್ಟೆ ಹೀರುತ್ತದೆ, ಸೊಪ್ಪು ಪೂರ್ತಿ ಒಣಗದ ಹಾಗೆ ಡಬ್ಬ ತಡೆಯುತ್ತದೆ. ಎರಡು ಮೂರು ದಿನಕ್ಕೊಮ್ಮೆ ಮುಟ್ಟಿ ನೋಡಿ, ಬಟ್ಟೆ ತಣ್ಣಗೆ ಒದ್ದೆಯಾಗಿದ್ದರೆ ಬದಲಾಯಿಸಿ. ಹೀಗಿಟ್ಟರೆ ಕೊತ್ತಂಬರಿ ವಾರ ಹತ್ತು ದಿನ ಆರಾಮಾಗಿ ಬರುತ್ತದೆ.

ಬಟ್ಟೆ ಅಂದರೆ ಹಳೇ ಪಂಚೆ, ಹಳೇ ಕಾಟನ್ ಸೀರೆ ಹರಿದ ತುಂಡು. ನ್ಯೂಸ್ ಪೇಪರ್ ಬೇಡ. ಎಲ್ಲರ ಮನೆಯಲ್ಲೂ ಪೇಪರಿನಲ್ಲೇ ಸುತ್ತುವುದು ರೂಢಿ, ಗೊತ್ತು. ಆದರೆ ಅಚ್ಚಿನ ಶಾಯಿಯಲ್ಲಿರುವ ರಾಸಾಯನಿಕಗಳು ಆಹಾರಕ್ಕೆ ಇಳಿಯುತ್ತವೆ ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಒಂದಲ್ಲ ಎರಡು ಸಲ ಎಚ್ಚರಿಕೆ ಕೊಟ್ಟಿದೆ. ಬಜ್ಜಿ ಬೋಂಡಾ ಇಟ್ಟುಕೊಡುವ ಪೇಪರಿನ ವಿಷಯದಲ್ಲಿ ಹೇಳಿದ್ದು ಅದು, ಆದರೆ ಒದ್ದೆ ಸೊಪ್ಪಿಗೂ ಶಾಯಿ ಅಂಟುತ್ತದಲ್ವಾ? ಬಟ್ಟೆಯಾದರೆ ತೊಳೆದು ಮತ್ತೆ ಬಳಸಬಹುದು.

ಕರಿಬೇವಿಗೆ ಇದೇ ಕ್ರಮ, ಆದರೆ ಕಡ್ಡಿಯಿಂದ ಎಲೆ ಬಿಡಿಸಿ ಇಡಿ. ಹಸಿಮೆಣಸಿನಕಾಯಿಯ ತೊಟ್ಟು ಕಿತ್ತು ಇಡಿ, ಕೊಳೆಯುವುದು ಸಾಮಾನ್ಯವಾಗಿ ಅಲ್ಲಿಂದಲೇ ಶುರು. ನಿಂಬೆಹಣ್ಣು ತರಕಾರಿ ಟ್ರೇಯಲ್ಲಿ ಸುಮ್ನೆ ಉರುಳಾಡುತ್ತಿದ್ದರೆ ವಾರದಲ್ಲಿ ಸಿಪ್ಪೆ ಒಣಗಿ ಕಲ್ಲಾಗುತ್ತದೆ. ಅದನ್ನೇ ಒರೆಸಿ, ಗಟ್ಟಿ ಮುಚ್ಚಳದ ಡಬ್ಬದಲ್ಲಿಟ್ಟರೆ ಮೂರ್ನಾಲ್ಕು ವಾರ ರಸ ತುಂಬಿಕೊಂಡೇ ಇರುತ್ತದೆ. ಪಾಲಕ್, ಮೆಂತ್ಯ, ದಂಟು, ಸಬ್ಬಸಿಗೆ ಸೊಪ್ಪುಗಳನ್ನು ಮಾತ್ರ ಏನೇ ಮಾಡಿದರೂ ಜಾಸ್ತಿ ದಿನ ಇಡಲಾಗುವುದಿಲ್ಲ. ತಂದ ಎರಡು ಮೂರು ದಿನದಲ್ಲಿ ಬಸ್ಸಾರೋ ಪಲ್ಯವೋ ಮಾಡಿ ಮುಗಿಸಿ.

ಫ್ರಿಜ್ಜಿಗೆ ಹೋಗಬಾರದವು

ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಹೊರಗೆ ಇರಬೇಕು. ಆದರೆ ಈರುಳ್ಳಿ ಮತ್ತು ಆಲೂಗಡ್ಡೆ ಒಂದೇ ಬುಟ್ಟಿಯಲ್ಲಿ ಬೇಡ. ಆಲೂಗಡ್ಡೆ ಬಿಡುವ ತೇವಕ್ಕೆ ಈರುಳ್ಳಿ ಮೆತ್ತಗಾಗುತ್ತದೆ, ಮೊಳಕೆ ಬರುತ್ತದೆ. ಈರುಳ್ಳಿಗೆ ಗಾಳಿ ಬೇಕು, ಆಲೂಗಡ್ಡೆಗೆ ಕತ್ತಲೆ ಬೇಕು. ಬೆಳಕು ಬಿದ್ದ ಆಲೂಗಡ್ಡೆ ಹಸಿರಾಗುತ್ತದೆ, ಹಸಿರಾದ ಕಡೆ ಸೊಲನೈನ್ ಅನ್ನುವ ವಿಷದ ಅಂಶ ಹೆಚ್ಚಾಗಿರುತ್ತದೆ. ಸ್ವಲ್ಪ ಹಸಿರಿದ್ದರೆ ಆ ಭಾಗ ದಪ್ಪಕ್ಕೆ ಕೆತ್ತಿ ತೆಗೆಯಿರಿ, ಪೂರ್ತಿ ಹಸಿರಾಗಿ ಕಹಿ ಬಂದಿದ್ದರೆ ಎಸೆಯಿರಿ. ಆಲೂಗಡ್ಡೆಯನ್ನು ಫ್ರಿಜ್ಜಿನಲ್ಲಿ ಇಟ್ಟರೆ ಅದರ ಪಿಷ್ಟ ಸಕ್ಕರೆಯಾಗಲು ಶುರುವಾಗುತ್ತದೆ. ಅಂಥದ್ದನ್ನು ಚಿಪ್ಸ್ ಕರಿದು ನೋಡಿ, ಬೇಯುವ ಮುಂಚೆಯೇ ಕಂದು ತಿರುಗುತ್ತದೆ.

ಟೊಮೆಟೊ ಗಟ್ಟಿ ಇದ್ದರೆ ಹೊರಗೆ, ತೊಟ್ಟಿನ ಕಡೆ ಕೆಳಗೆ ಮಾಡಿ ಒಂದೊಂದಾಗಿ ಹರಡಿ ಇಡಿ. ತಣ್ಣನೆ ಜಾಗದಲ್ಲಿ ಅದರ ರುಚಿ ಸಪ್ಪೆಯಾಗುತ್ತದೆ. ಪೂರ್ತಿ ಹಣ್ಣಾಗಿ ಇನ್ನೇನು ಒಡೆಯುತ್ತದೆ ಅನ್ನುವಾಗ ಫ್ರಿಜ್ಜಿಗೆ ಹಾಕಿ, ಸಾರಿಗೆ ಏನೂ ತೊಂದರೆ ಇಲ್ಲ. ಬಾಳೆಹಣ್ಣು ಸುಮಾರು 13 ಡಿಗ್ರಿಗಿಂತ ತಣ್ಣಗಾದರೆ ಸಿಪ್ಪೆ ಕಪ್ಪಾಗುತ್ತದೆ. ಏಲಕ್ಕಿ ಬಾಳೆ ಚಿಪ್ಪನ್ನು ತೂಗುಹಾಕುವುದೇ ಸರಿ.

ಬಾಳೆಹಣ್ಣು, ಮಾವು, ಪಪ್ಪಾಯ, ಸೇಬು, ಟೊಮೆಟೊ ಇವೆಲ್ಲ ಹಣ್ಣಾಗುವಾಗ ಎಥಿಲೀನ್ ಅನ್ನುವ ಅನಿಲ ಬಿಡುತ್ತವೆ. ಮಾವಿನಕಾಯಿಯನ್ನು ಹುಲ್ಲಿನಲ್ಲೋ ಅಕ್ಕಿ ಡಬ್ಬದಲ್ಲೋ ಹುದುಗಿಸಿಟ್ಟರೆ ಬೇಗ ಹಣ್ಣಾಗುವುದು ಈ ಅನಿಲ ಅಲ್ಲೇ ಉಳಿಯುವುದರಿಂದ. ಅದೇ ಅನಿಲ ಸೊಪ್ಪಿಗೆ ತಾಗಿದರೆ ಹಳದಿಯಾಗುತ್ತದೆ, ಸೌತೆಕಾಯಿ ಮೆತ್ತಗಾಗುತ್ತದೆ. ಹಾಗಾಗಿ ಹಣ್ಣಿನ ಬುಟ್ಟಿ ಬೇರೆ, ತರಕಾರಿ ಬುಟ್ಟಿ ಬೇರೆ ಇರಲಿ.

ಫ್ರಿಜ್ಜೇ ಇಲ್ಲದ ಕಾಲದ ಜಾಣತನ ನೋಡಬೇಕಾದರೆ ಕರಾವಳಿಯ ಹಳೇ ಮನೆಗಳ ಮಾಡಿನ ಕೆಳಗೆ ತಲೆ ಎತ್ತಿ ನೋಡಬೇಕು. ಮಂಗಳೂರು ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಸಾಲಾಗಿ ನೇತುಹಾಕಿರುತ್ತಾರೆ. ಒಂದಕ್ಕೊಂದು ತಾಗುವುದಿಲ್ಲ, ನೆಲ ಗೋಡೆ ಯಾವುದೂ ತಾಗುವುದಿಲ್ಲ, ಸುತ್ತಲೂ ಗಾಳಿ. ಬೇಸಿಗೆಯ ಬೆಳೆ ಮಳೆಗಾಲದ ಹುಳಿಗೆ ಸಿಗುತ್ತದೆ. ಫ್ಲ್ಯಾಟಿನಲ್ಲಿ ಮಾಡು ಎಲ್ಲಿಂದ ತರುವುದು ಅನ್ನಬೇಡಿ, ಬಾಲ್ಕನಿಯ ನೆರಳಿನ ಕಡೆ ಒಂದು ಬಲೆ ಚೀಲ ನೇತುಹಾಕಿದರೂ ನಡೆಯುತ್ತದೆ. ಬೂದುಗುಂಬಳಕ್ಕೂ ಹೀಗೇ. ಅದರ ಮೈಮೇಲಿನ ಬಿಳಿ ಬೂದಿಯನ್ನು ಒರೆಸಬೇಡಿ, ತೊಟ್ಟು ಮುರಿಯಬೇಡಿ. ಒಳಗಿನ ನೀರು ಹೊರಗೆ ಹೋಗದ ಹಾಗೆ, ಹೊರಗಿನದು ಒಳಗೆ ಬರದ ಹಾಗೆ ಕಾಯುವ ಮೇಣ ಅದು. ಪೆಟ್ಟು ಬಿದ್ದ ಕಾಯಿಯನ್ನು ಮಾತ್ರ ಮೊದಲೇ ಬಳಸಿ ಮುಗಿಸಬೇಕು.

ತೆಂಗಿನಕಾಯಿಯ ವಿಷಯ ಎಲ್ಲರಿಗೂ ಗೊತ್ತಿರುತ್ತದೆ, ಆದರೂ ಹೇಳಿಬಿಡುತ್ತೇನೆ. ಜುಟ್ಟು ಇರುವ ಕಾಯಿ ತನ್ನಿ. ಜುಟ್ಟು ಕಿತ್ತರೆ ಕಣ್ಣು ಬಯಲಾಗುತ್ತದೆ, ಕಾಯಿ ಬೇಗ ಕೆಡುತ್ತದೆ. ಒಡೆದ ಮೇಲೆ ಕಣ್ಣಿರುವ ಹೋಳನ್ನು ಮೊದಲು ತುರಿಯಿರಿ, ಇನ್ನೊಂದು ಹೋಳನ್ನು ಒರೆಸಿ ಫ್ರಿಜ್ಜಿನಲ್ಲಿಡಿ. ನಾಲ್ಕೈದು ದಿನಕ್ಕಿಂತ ಮುಂದೆ ಹೋಗುತ್ತದೆ ಅನ್ನಿಸಿದರೆ ತುರಿದು ಫ್ರೀಜರಿಗೆ ಹಾಕಿ. ಒಂದು ಸಲದ ಚಟ್ನಿಗೆ, ಒಂದು ಸಲದ ಪಲ್ಯಕ್ಕೆ ಎಷ್ಟು ಬೇಕೋ ಅಷ್ಟಷ್ಟೇ ಪೊಟ್ಟಣ ಮಾಡಿ.

ರವೆ, ಬೇಳೆ, ಅಕ್ಕಿ: ಹುಳದ ಕಾಟ

ಡಬ್ಬ ಗಟ್ಟಿಯಾಗಿ ಮುಚ್ಚಿದ್ದರೂ ಹುಳ ಎಲ್ಲಿಂದ ಬಂತು? ಬರಲಿಲ್ಲ, ಸಾಮಾನಿನ ಜೊತೆಗೇ ಮನೆಗೆ ಬಂದಿತ್ತು. ಅಕ್ಕಿಯ ಮೂತಿಹುಳ ಕಾಳಿಗೆ ತೂತು ಕೊರೆದು ಒಳಗೇ ಮೊಟ್ಟೆಯಿಟ್ಟು ಮೇಲೆ ಮುಚ್ಚಿಬಿಡುತ್ತದೆ. ನಮಗೆ ಕಾಣುವುದು ಮರಿ ದೊಡ್ಡದಾಗಿ ಹೊರಬಂದಾಗ. ಸೆಕೆ ಮತ್ತು ತೇವ ಎರಡೂ ಇದ್ದರೆ ಅದಕ್ಕೆ ಹಬ್ಬ.

ರವೆಗೆ ಎರಡು ದಾರಿ. ಒಂದು, ತಂದ ದಿನವೇ ಸಣ್ಣ ಉರಿಯಲ್ಲಿ ಬಿಸಿ ಆಗುವವರೆಗೆ ಹುರಿದು, ಪೂರ್ತಿ ಆರಿದ ಮೇಲೆ ಡಬ್ಬಕ್ಕೆ ತುಂಬುವುದು. ಉಪ್ಪಿಟ್ಟಿಗೆ ಹೇಗೂ ಹುರಿಯಲೇಬೇಕು, ಅರ್ಧ ಕೆಲಸ ಮುಗಿದಂತಾಯಿತು. ಇನ್ನೊಂದು, ಪ್ಯಾಕೆಟ್ಟನ್ನು ಹಾಗೇ ನಾಲ್ಕು ದಿನ ಫ್ರೀಜರಿನಲ್ಲಿ ಇಡುವುದು. ಮೊಟ್ಟೆ, ಮರಿ ಎಲ್ಲ ಸಾಯುತ್ತವೆ. ಹೊರಗೆ ತೆಗೆದ ತಕ್ಷಣ ಪ್ಯಾಕೆಟ್ ಒಡೆಯಬೇಡಿ. ತಣ್ಣನೆ ರವೆಗೆ ಹೊರಗಿನ ಗಾಳಿ ತಗುಲಿದರೆ ಅದರ ತೇವ ನೀರಾಗಿ ರವೆಯ ಮೇಲೆ ಕೂರುತ್ತದೆ, ಗಂಟು ಕಟ್ಟುತ್ತದೆ. ಒಂದು ರಾತ್ರಿ ಹೊರಗಿಟ್ಟು, ಪ್ಯಾಕೆಟ್ ಮುಟ್ಟಿದರೆ ತಣ್ಣಗಿಲ್ಲ ಅನ್ನಿಸಿದ ಮೇಲೆ ತೆರೆಯಿರಿ. ಮೈದಾ, ಕಡಲೆಹಿಟ್ಟಿಗೂ ಈ ಎರಡನೇ ದಾರಿಯೇ ಸಲೀಸು.

ತೊಗರಿಬೇಳೆ ವರ್ಷಕ್ಕಾಗುವಷ್ಟು ತರುವವರು ಒಂದು ಕಿಲೋಗೆ ಒಂದು ಚಿಕ್ಕ ಚಮಚದಷ್ಟು ಹರಳೆಣ್ಣೆ ಹಾಕಿ ಕೈಯಲ್ಲೇ ಚೆನ್ನಾಗಿ ತಿಕ್ಕಿ, ಬಿಸಿಲಿಗೆ ಹಾಕಿ ತುಂಬಿಡುತ್ತಾರೆ. ಎಣ್ಣೆಯ ತೆಳು ಪದರಕ್ಕೆ ಹುಳ ಮೊಟ್ಟೆಯಿಡುವುದು ಕಷ್ಟ, ಇಟ್ಟರೂ ಮೊಟ್ಟೆಗೆ ಉಸಿರು ಕಟ್ಟುತ್ತದೆ. ಅಡುಗೆಗೆ ಮುಂಚೆ ಬಿಸಿನೀರಿನಲ್ಲಿ ತೊಳೆದರೆ ಎಣ್ಣೆ ಹೋಗುತ್ತದೆ. ಬೇಳೆ, ಗೋಧಿ ಬಿಸಿಲಿಗೆ ಹಾಕಬಹುದು. ಅಕ್ಕಿ ಬೇಡ, ಸುಡುಬಿಸಿಲಿಗೆ ಅಕ್ಕಿ ಸೀಳಿ ನುಚ್ಚಾಗುತ್ತದೆ. ಅಕ್ಕಿಯನ್ನು ನೆರಳಲ್ಲಿ ಹರವಿ, ಕೇರಿ ಇಡಿ. ಯಾವುದನ್ನೇ ಬಿಸಿಲಿಗೆ ಹಾಕಿದರೂ ತುಂಬುವ ಮುಂಚೆ ಆರಬೇಕು. ಬಿಸಿ ಬಿಸಿ ತುಂಬಿ ಮುಚ್ಚಳ ಹಾಕಿದರೆ ಒಳಗೆ ಬೆವರುತ್ತದೆ, ಒಣಗಿಸಿದ ಶ್ರಮವೆಲ್ಲ ನೀರಲ್ಲಿ ಹೋಮ.

ಬೇವಿನ ಸೊಪ್ಪು, ಲವಂಗ, ಒಣಮೆಣಸಿನಕಾಯಿ ಹಾಕುವವರು ಹಾಕಿ, ಹೊಸ ಹುಳ ಬರುವುದು ಸ್ವಲ್ಪ ಕಡಿಮೆಯಾಗಬಹುದು. ಆದರೆ ಕಾಳಿನೊಳಗೆ ಆಗಲೇ ಇರುವ ಮೊಟ್ಟೆಗೆ ಅದು ಏನೂ ಮಾಡುವುದಿಲ್ಲ. ಬೇವು ಹಾಕುವುದಾದರೆ ನೆರಳಲ್ಲಿ ಒಣಗಿಸಿದ್ದು ಹಾಕಿ, ಹಸಿ ಸೊಪ್ಪು ಹಾಕಿದರೆ ನೀವೇ ತೇವ ಸೇರಿಸಿದ ಹಾಗೆ. ಬೋರಿಕ್ ಪೌಡರ್ ಬೆರೆಸುವ ಅಭ್ಯಾಸ ಕೆಲವು ಕಡೆ ಇದೆ. ದಯವಿಟ್ಟು ಬೇಡ, ಅದು ಹೊಟ್ಟೆಗೆ ಹೋಗಬೇಕಾದ ವಸ್ತುವೇ ಅಲ್ಲ.

ರಾಗಿಗೆ ಈ ಕಾಟ ಕಡಿಮೆ. ಕಾಳು ಅಷ್ಟು ಸಣ್ಣದು, ಹುಳಕ್ಕೆ ಒಳಗೆ ಮನೆ ಮಾಡಲು ಜಾಗ ಎಲ್ಲಿ? ಹಳೇ ಮೈಸೂರು ಕಡೆ ಹಗೇವಿನಲ್ಲಿ ರಾಗಿ ತುಂಬಿ ವರ್ಷಗಟ್ಟಲೆ ಇಡುತ್ತಿದ್ದರು. ನೆಲದೊಳಗಿನ ಗುಂಡಿಯ ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ಒಳಗಿನ ಆಮ್ಲಜನಕ ಕ್ರಮೇಣ ಮುಗಿಯುತ್ತದೆ, ಹುಳ ಬದುಕುವುದಿಲ್ಲ. ಅದಕ್ಕೇ ಹಗೇವು ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ, ಗಾಳಿ ಆಡಲು ಬಿಟ್ಟು ಕಾಯುತ್ತಿದ್ದರು. ಈಗಿನ ಗಾಳಿಯಾಡದ ಡಬ್ಬದ ಲೆಕ್ಕಾಚಾರವೂ ಇದೇ, ಆದ್ದರಿಂದ ಡಬ್ಬ ಅರ್ಧ ಖಾಲಿ ಇಡುವುದಕ್ಕಿಂತ ಚಿಕ್ಕ ಡಬ್ಬ ತುಂಬಾ ತುಂಬುವುದು ವಾಸಿ. ನೆನಪಿರಲಿ, ಇದು ಕಾಳಿನ ಮಾತು. ರಾಗಿ ಹಿಟ್ಟು ಮಾಡಿಸಿದ ಮೇಲೆ ಅಷ್ಟು ದಿನ ಇಡಲಾಗದು, ತಿಂಗಳಿಗಾಗುವಷ್ಟು ಮಾಡಿಸಿ.

ಚಟ್ನಿಪುಡಿ, ಶೇಂಗಾ ಹಿಂಡಿ ಕೆಡುವುದು ಇನ್ನೊಂದು ರೀತಿ. ಅವುಗಳಲ್ಲಿ ನೀರಿಲ್ಲ, ಆದರೆ ಕೊಬ್ಬರಿ, ಶೇಂಗಾದ ಎಣ್ಣೆ ಗಾಳಿಗೆ ಕಮಟು ಹಿಡಿಯುತ್ತದೆ. ಸ್ವಲ್ಪ ಸ್ವಲ್ಪ ಮಾಡಿಕೊಳ್ಳಿ. ಶೇಂಗಾ, ಕೊಬ್ಬರಿಗೆ ಬೂಷ್ಟು ಕಂಡರೆ ಹುರಿದು ಸರಿ ಮಾಡುವ ಯೋಚನೆ ಬೇಡ. ಅಂಥ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು, ಅಡುಗೆಯ ಬಿಸಿಗೆ ಅದು ಹೋಗುವುದಿಲ್ಲ.

ನೀರು ತೆಗೆದರೆ ಎಷ್ಟು ದಿನ ಇಡಬಹುದು ಅನ್ನುವುದಕ್ಕೆ ಉತ್ತರ ಕರ್ನಾಟಕದ ಖಡಕ್ ರೊಟ್ಟಿಯೇ ಸಾಕ್ಷಿ. ಮೆತ್ತಗಿನ ಜೋಳದ ರೊಟ್ಟಿ ಮಾರನೇ ದಿನದ ಆಚೆಗೆ ಉಳಿಯುವುದಿಲ್ಲ. ಅದನ್ನೇ ಹೆಂಚಿನ ಮೇಲೆ ಪೂರ್ತಿ ಒಣಗಿಸಿ, ಬಟ್ಟೆ ಹಾಸಿದ ಬುಟ್ಟಿಯಲ್ಲಿ ಪೇರಿಸಿಟ್ಟರೆ ವಾರಗಟ್ಟಲೆ ತಿನ್ನಬಹುದು. ಉಪ್ಪಿನಕಾಯಿ ಇದನ್ನೇ ಉಪ್ಪಿನಿಂದ ಮಾಡುತ್ತದೆ. ಮಾವಿನ ಮಿಡಿ ಉಪ್ಪಿನಲ್ಲಿ ಚಿರುಟಿಕೊಳ್ಳುವುದು ಒಳಗಿನ ನೀರನ್ನು ಉಪ್ಪು ಎಳೆಯುವುದರಿಂದ. ಅಲ್ಲಿ ಉಪ್ಪಿಗೆ ಕಂಜೂಸುತನ ಮಾಡಿ, ಒದ್ದೆ ಚಮಚ ಅದ್ದಿ, ಆಮೇಲೆ ಬೂಷ್ಟು ಬಂತು ಅಂದರೆ ಯಾರ ತಪ್ಪು? ಜಾಡಿ ಗಾಜಿನದೋ ಪಿಂಗಾಣಿಯದೋ ಇರಲಿ, ಊಟಕ್ಕೆ ಚಿಕ್ಕ ಬಾಟಲಿಗೆ ತೆಗೆದುಕೊಂಡು ದೊಡ್ಡ ಜಾಡಿ ಮುಚ್ಚಿಬಿಡಿ. ಸುಲಿದ ಬೆಳ್ಳುಳ್ಳಿಯನ್ನು ಬರೀ ಎಣ್ಣೆಯಲ್ಲಿ ಮುಳುಗಿಸಿ ಹೊರಗೆ ಇಡುವುದು ಮಾತ್ರ ಉಪ್ಪಿನಕಾಯಿ ಅಲ್ಲ. ಗಾಳಿ ಇಲ್ಲದ, ಹುಳಿ ಇಲ್ಲದ ಅಂಥ ಜಾಗದಲ್ಲಿ ಬೊಟುಲಿಸಂ ಅನ್ನುವ ಪ್ರಾಣಕ್ಕೇ ಕುತ್ತು ತರುವ ಕಾಯಿಲೆ ಬರಿಸುವ ಬ್ಯಾಕ್ಟೀರಿಯಾ ಬೆಳೆಯಬಹುದು, ವಾಸನೆಯಿಂದ ಗೊತ್ತೂ ಆಗುವುದಿಲ್ಲ.

ಮಾಡಿದ ಅಡುಗೆ

ಇಲ್ಲಿ ಗಡಿಯಾರ ನೋಡಬೇಕು. ಮಾಡಿದ ಅಡುಗೆ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಬೇಕು, ರಾಯಚೂರು ಕಲಬುರಗಿಯ ಮೇ ತಿಂಗಳಾದರೆ ಒಂದೇ ಗಂಟೆ. ಬಿಸಿ ಪಾತ್ರೆ ಹಾಗೇ ಇಟ್ಟರೆ ಪಕ್ಕದ ಸಾಮಾನೂ ಬಿಸಿಯಾಗುತ್ತದೆ, ಹಾಗಂತ ರಾತ್ರಿ ಪೂರ್ತಿ ಆರಲಿ ಅಂತ ಕಟ್ಟೆ ಮೇಲೆ ಬಿಡುವುದೂ ತಪ್ಪು. ಅಗಲ ಪಾತ್ರೆಗೆ ಬಗ್ಗಿಸಿ, ಅಥವಾ ಎರಡು ಮೂರು ಡಬ್ಬಕ್ಕೆ ಹಂಚಿ, ಬೇಗ ಆರುತ್ತದೆ.

ಅನ್ನದ ವಿಷಯದಲ್ಲಿ ಇನ್ನೂ ಹುಷಾರು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುತ್ತವೆ, ಕುದಿಸಿದರೂ ಸಾಯುವುದಿಲ್ಲ. ಅನ್ನ ಗಂಟೆಗಟ್ಟಲೆ ಬೆಚ್ಚಗೆ ಕೂತರೆ ಅವು ಚಿಗುರಿ ವಿಷ ಬಿಡುತ್ತವೆ. ಬೆಳಿಗ್ಗೆ ಚಿತ್ರಾನ್ನ ಮಾಡುವಾಗ ಎಷ್ಟೇ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಹಾಗಾಗಿ ಚಿತ್ರಾನ್ನಕ್ಕೆ ಅಂತ ಉಳಿಸಿದ ಅನ್ನ ರಾತ್ರಿಯೇ ಒಳಗೆ ಹೋಗಲಿ.

ಸಾರು ಹುಳಿಗಳಲ್ಲಿ ತಿಳಿಸಾರು ಸ್ವಲ್ಪ ತಡೆದುಕೊಳ್ಳುತ್ತದೆ, ಕಾಯಿ ರುಬ್ಬಿ ಹಾಕಿದ್ದು ಬೇಗ ಹಳಸುತ್ತದೆ. ಬಸ್ಸಾರು ಮಾರನೇ ದಿನಕ್ಕೆ ಇನ್ನೂ ರುಚಿ, ಅದಕ್ಕೇ ಜಾಸ್ತಿ ಮಾಡುವುದು ಅಲ್ವಾ? ಬೇಕಾದಷ್ಟು ಮಾತ್ರ ಬೇರೆ ಪಾತ್ರೆಗೆ ಬಗ್ಗಿಸಿ ಕುದಿಸಿ. ಇಡೀ ಪಾತ್ರೆಯನ್ನು ದಿನಕ್ಕೆ ಮೂರು ಸಲ ಒಳಗೆ ಹೊರಗೆ ಮಾಡಬೇಡಿ. ತೆಂಗಿನಕಾಯಿ ಚಟ್ನಿ ಅವತ್ತಿಗೆ ಮುಗಿಯಲಿ.

ದೋಸೆ ಹಿಟ್ಟು ಉಬ್ಬಿದ ಕೂಡಲೇ ಒಳಗೆ ಇಡಬೇಕು. ಫ್ರಿಜ್ಜಿನಲ್ಲಿ ಹುಳಿಯುವುದು ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ನಾಳೆಗೆ ಒಂದು ಡಬ್ಬ, ನಾಡಿದ್ದಿಗೆ ಒಂದು ಡಬ್ಬ ಅಂತ ಮೊದಲೇ ಭಾಗ ಮಾಡಿ, ಮೇಲೆ ಮೂರು ಬೆರಳು ಜಾಗ ಬಿಡಿ. ಎರಡನೇ ಡಬ್ಬವನ್ನು ಅದರ ದಿನ ಬರುವವರೆಗೂ ತೆರೆಯಬೇಡಿ.

ಹಾಲು ಕಾಸಿ, ಆರಿಸಿ, ಒಳಗಿನ ತಟ್ಟೆಯ ಮೇಲೆ ಇಡಿ. ಬಾಗಿಲಿನಲ್ಲಿ ಬೇಡ, ಪ್ರತಿ ಸಲ ತೆರೆದಾಗ ಬೆಚ್ಚಗಾಗುವ ಜಾಗ ಅದು. ಹೊಸ ಹಾಲಿಗೆ ನಿನ್ನೆಯ ಹಾಲು ಬೆರೆಸಬೇಡಿ. ನಂದಿನಿ ಗುಡ್‌ಲೈಫ್‌ನಂಥ ಯುಎಚ್‌ಟಿ (ತುಂಬಾ ಹೆಚ್ಚು ಬಿಸಿಯಲ್ಲಿ ಕಾಸಿ ಪ್ಯಾಕ್ ಮಾಡಿದ) ಹಾಲು ತೆರೆಯುವವರೆಗೂ ಹೊರಗೇ ಇರಬಹುದು, ತೆರೆದ ಮೇಲೆ ಅದೂ ಮಾಮೂಲಿ ಹಾಲೇ. ಮಾಂಸ, ಮೀನು ಎಲ್ಲಕ್ಕಿಂತ ಕೆಳಗಿನ ತಟ್ಟೆಯಲ್ಲಿ ಮುಚ್ಚಿದ ಪಾತ್ರೆಯಲ್ಲಿರಲಿ, ಅದರ ನೀರು ಬೇರೆ ಯಾವುದರ ಮೇಲೂ ತೊಟ್ಟಿಕ್ಕಬಾರದು. ಫಿಲ್ಟರ್ ಕಾಫಿ ಪುಡಿ ಫ್ರಿಜ್ಜಿಗೆ ಬೇಡವೇ ಬೇಡ. ತೇವವನ್ನೂ ಎಳೆಯುತ್ತದೆ, ನಿನ್ನೆಯ ಹುಳಿಯ ವಾಸನೆಯನ್ನೂ ಎಳೆಯುತ್ತದೆ. ಕಾಲು ಕಿಲೋ ತಂದು ಗಟ್ಟಿ ಡಬ್ಬದಲ್ಲಿಟ್ಟು ಮುಗಿಸಿ.

ಫ್ರಿಜ್ಜಿನ ಒಳಗೆ 4 ಡಿಗ್ರಿ ಅಥವಾ ಅದಕ್ಕಿಂತ ತಣ್ಣಗಿರಬೇಕು. ಒಳಗಿನ ತಿರುಪಿನಲ್ಲಿ 1 ರಿಂದ 5ರ ವರೆಗೆ ಅಂಕಿ ಇರುತ್ತದಲ್ಲ, ಸಾಮಾನ್ಯವಾಗಿ ಅಂಕಿ ಜಾಸ್ತಿಯಾದಷ್ಟೂ ತಂಪು ಜಾಸ್ತಿ. ತುಂಬಾ ಜನ ಉಲ್ಟಾ ಅಂದುಕೊಂಡಿರುತ್ತಾರೆ. ಬೇಸಿಗೆಯಲ್ಲಿ ಒಂದು ಅಂಕಿ ಮೇಲಕ್ಕೆ ತಿರುಗಿಸಿ.

ಫ್ರೀಜರಿಗೆ ಅವರೆಕಾಳು

ಡಿಸೆಂಬರ್ ಜನವರಿಯಲ್ಲಿ ಸೊಗಡವರೆ ಸಿಗುವಾಗ ವರ್ಷದ ಆಸೆಗೆ ಸ್ವಲ್ಪ ಎತ್ತಿಡುವುದು ಹೀಗೆ. ಕಾಳು ಸುಲಿದು, ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ ಬಿಡಿ. ತಕ್ಷಣ ಬಸಿದು ಐಸ್ ನೀರಿಗೆ ಹಾಕಿ. ಕಾಳಿನೊಳಗಿನ ಕಿಣ್ವಗಳು ಫ್ರೀಜರಿನಲ್ಲೂ ನಿಧಾನವಾಗಿ ಕೆಲಸ ಮಾಡಿ ರುಚಿ, ಬಣ್ಣ ಕೆಡಿಸುತ್ತವೆ, ಈ ಎರಡು ನಿಮಿಷದ ಬಿಸಿ ಅವನ್ನು ನಿಲ್ಲಿಸುತ್ತದೆ. ಆಮೇಲೆ ಬಟ್ಟೆಯ ಮೇಲೆ ಹರವಿ ಚೆನ್ನಾಗಿ ಆರಿಸಿ. ಇಲ್ಲಿ ಅವಸರ ಮಾಡಿದರೆ ಕಾಳೆಲ್ಲ ಒಂದೇ ಹೆಂಟೆಯಾಗಿ ಹೆಪ್ಪುಗಟ್ಟುತ್ತದೆ. ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ ಫ್ರೀಜ್ ಮಾಡಿ, ಕಲ್ಲಾದ ಮೇಲೆ ಚೀಲಕ್ಕೆ ತುಂಬಿ ಗಾಳಿ ಹಿಂಡಿ ಮುಚ್ಚಿ. ಯುಗಾದಿ ಕಳೆದ ಮೇಲೂ ಒಂದು ಹಿಡಿ ತೆಗೆದು ಉಪ್ಪಿಟ್ಟಿಗೆ ಹಾಕಬಹುದು. ಹಸಿ ಬಟಾಣಿಗೂ ಇದೇ ವಿಧಾನ. ಹಿತಕಿದ ಬೇಳೆಯಾದರೆ ಒಂದು ನಿಮಿಷ ಸಾಕು.

ಕರೆಂಟ್ ಹೋದಾಗ ಬಾಗಿಲು ತೆರೆಯದಿದ್ದರೆ ಫ್ರಿಜ್ ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ. ತುಂಬಿದ ಫ್ರೀಜರ್ ಎರಡು ದಿನದ ತನಕ, ಅರ್ಧ ತುಂಬಿದ್ದು ಒಂದು ದಿನ. ಹಬ್ಬಕ್ಕೆ ಊರಿಗೆ ಹೋಗುವಾಗ ಒಂದು ಲೋಟ ನೀರು ಫ್ರೀಜ್ ಮಾಡಿ, ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಹೋಗಿ. ಬಂದಾಗ ನಾಣ್ಯ ಮೇಲೇ ಇದ್ದರೆ ನಿಶ್ಚಿಂತೆ. ಮಂಜುಗಡ್ಡೆಯ ತಳದಲ್ಲಿ ಸಿಕ್ಕಿಕೊಂಡಿದ್ದರೆ ನೀವಿಲ್ಲದಾಗ ಎಲ್ಲ ಕರಗಿ ಮತ್ತೆ ಗಟ್ಟಿಯಾಗಿದೆ ಅಂತ ಅರ್ಥ. ಮೀನು, ಮಾಂಸ, ತೆಂಗಿನ ತುರಿ ಯಾವುದನ್ನೂ ಮೂಸಿ ನೋಡುತ್ತಾ ಕೂರಬೇಡಿ, ಹಾಗೇ ಕಸಕ್ಕೆ ಹಾಕಿ.